ಔಷಧಾಲಯದ ಕಿಟಕಿಯಿಂದ: ‘ಸ್ವಲ್ಪ ತಡಿ’ ಎನ್ನುವ ಪ್ರಿಂಟರ್

ಕಳೆದ ವರ್ಷದ ಸಂಚಿಕೆಯಲ್ಲಿ, ಊರಿಗೆ ಹೋಗಿ ಬರುವಾಗ ಬ್ಯಾಗಿನಲ್ಲಿ ಔಷಧಿ ಇಟ್ಟುಕೊಳ್ಳುವ ಬಗ್ಗೆ ಬರೆದಿದ್ದೆ. ಈ ಸಲ ಔಷಧಿಯ ವಿಷಯವಲ್ಲ. ಔಷಧಿಯ ಮೇಲೆ ಅಂಟಿಸುವ ಲೇಬಲ್ಲಿನ ವಿಷಯ, ಆ ಲೇಬಲ್ ಹೊರಗೆ ಬರುವ ಪ್ರಿಂಟರಿನ ವಿಷಯ. ಫಾರ್ಮಸಿಯವನಿಗೆ ಪ್ರಿಂಟರಿನ ಉಸಾಬರಿ ಯಾಕೆ ಎಂದು ಕೇಳಬೇಡಿ. ನಾವು ದಿನಕ್ಕೆ ಎಷ್ಟು ಸಲ ಮಾತ್ರೆ ಮುಟ್ಟುತ್ತೇವೋ ಅಷ್ಟೇ ಸಲ ಲೇಬಲ್ಲನ್ನೂ ಮುಟ್ಟುತ್ತೇವೆ. ನಿಮ್ಮಲ್ಲೂ ಎಷ್ಟೋ ಜನರಿಗೆ ಈ ಯಂತ್ರದ ಸಹವಾಸ ಉಂಟು. ಸೂಪರ್ ಮಾರ್ಕೆಟ್ಟಿನ ಬಿಲ್, ಗೋದಾಮಿನ ಬಾರ್‌ಕೋಡ್, ಕಾರ್ಗೋ ಪೆಟ್ಟಿಗೆಯ ಸ್ಟಿಕ್ಕರ್, ಹೋಟೆಲಿನ ಅಡುಗೆಮನೆಗೆ ಹೋಗುವ ಕೆಓಟಿ, ಎಲ್ಲದರ ಹಿಂದೆಯೂ ಇದೇ ಕಥೆ.

ಎಲ್ಲರ ದೂರೂ ಎರಡೇ ಬಗೆ. ಒಂದು: ‘ಪ್ರಿಂಟ್ ಕೊಟ್ಟೆ, ಬರಲಿಲ್ಲ, ಇನ್ನೊಂದು ಸಲ ಒತ್ತಿದೆ, ಆಮೇಲೆ ಎರಡೂ ಬಂತು.’ ಇನ್ನೊಂದು: ‘ಹತ್ತು ಕೊಟ್ಟೆ, ಒಂಬತ್ತೇ ಬಂತು.’ ಹೋಟೆಲಿನಲ್ಲಿ ಮೊದಲನೆಯದು ಆದರೆ ಒಂದು ಮಸಾಲೆ ದೋಸೆ ಹೆಚ್ಚಾಗುತ್ತದೆ, ಎರಡನೆಯದು ಆದರೆ ಗಿರಾಕಿ ಸಿಟ್ಟಾಗುತ್ತಾನೆ. ಆಸ್ಪತ್ರೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಲೇಬಲ್ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಎಲ್ಲಕ್ಕಿಂತ ಕಷ್ಟದ್ದು ಮೂರನೇ ಬಗೆಯೊಂದಿದೆ, ಅದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಯಾಕೆಂದರೆ ನೋಡಲು ಲೇಬಲ್ ಸರಿಯಾಗಿಯೇ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಎಲ್ಲದರ ಬೇರು ಒಂದೇ. ಕಂಪ್ಯೂಟರ್ ಮಾತಾಡುವ ವೇಗಕ್ಕೆ ಪ್ರಿಂಟರ್ ಬರೆಯಲಾರದು. ಒಂದು ಲೆಕ್ಕ ಹಾಕೋಣ. ಹಳೆಯ ಸೀರಿಯಲ್ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಇಡುತ್ತಿದ್ದ ವೇಗ 9600 ಬಾಡ್. ಒಂದು ಅಕ್ಷರಕ್ಕೆ ಆರಂಭ, ಅಂತ್ಯದ ಗುರುತೂ ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 960 ಅಕ್ಷರ ಹೋಗುತ್ತದೆ. ಆ ಕಡೆ ಇರುವುದು ಸೆಕೆಂಡಿಗೆ 200 ಅಕ್ಷರ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಎಂದಿಟ್ಟುಕೊಳ್ಳಿ. ಪ್ರತಿ ಸೆಕೆಂಡಿಗೂ 760 ಅಕ್ಷರ ಮಿಕ್ಕಿತು. ಅವನ್ನು ಇಟ್ಟುಕೊಳ್ಳಲು ಪ್ರಿಂಟರಿನೊಳಗೆ ಬಫರ್ ಎಂಬ ಸಣ್ಣ ಜಾಗ ಇರುತ್ತದೆ. ಅದು 2 ಕಿಲೋಬೈಟ್ ಆದರೆ ಮೂರು ಸೆಕೆಂಡಿನೊಳಗೆ ಭರ್ತಿ. ಆಮೇಲೆ ಬಂದ ಅಕ್ಷರ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವುದಿಲ್ಲ, ಬಿದ್ದುಹೋಗುತ್ತದೆ. ಪ್ರಿಂಟರ್ ಅಳುವುದಿಲ್ಲ, ಕಂಪ್ಯೂಟರಿಗೆ ಗೊತ್ತೂ ಆಗುವುದಿಲ್ಲ.

ಬಯಲುಸೀಮೆಯ ಕೆರೆ ಕೆಳಗೆ ಗದ್ದೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯಲ್ಲಿ ಎಷ್ಟೇ ನೀರಿರಲಿ, ತೂಬು ಎತ್ತುವುದು ಇಳಿಸುವುದು ನೀರುಗಂಟಿಯ ಕೈಯಲ್ಲಿ. ಗದ್ದೆಗೆ ಸಾಕಾಯಿತು ಎಂಬ ಸುದ್ದಿ ಅವನಿಗೆ ಮುಟ್ಟಬೇಕು, ಮುಟ್ಟಿದ ಮೇಲೆ ಅವನು ಇಳಿಸಬೇಕು. ಇಳಿಸಿದ ಮೇಲೂ ಕಾಲುವೆಯಲ್ಲಿ ಹರಿಯುತ್ತಿರುವ ನೀರು ಬಂದೇ ಬರುತ್ತದೆ. ಪ್ರಿಂಟರಿಗೆ ಹೋಗುವ ಡೇಟಾಕ್ಕೂ ಒಬ್ಬ ನೀರುಗಂಟಿ ಬೇಕು. ಇಂಜಿನಿಯರುಗಳು ಅದನ್ನು ಫ್ಲೋ ಕಂಟ್ರೋಲ್ ಅನ್ನುತ್ತಾರೆ, ಹ್ಯಾಂಡ್‌ಶೇಕ್ ಎಂದೂ ಕರೆಯುತ್ತಾರೆ. ‘ತಡಿ’ ಅನ್ನಬೇಕಾದವನು ಪ್ರಿಂಟರ್, ತಡೆಯಬೇಕಾದವನು ಕಂಪ್ಯೂಟರ್. ನಡುವೆ ಆ ಮಾತು ದಾಟುವ ದಾರಿ ಇರಬೇಕು. ಇಷ್ಟೇ ವಿಷಯ. ಆದರೆ ಆ ದಾರಿ ಯಾವುದು ಎಂಬಲ್ಲಿ ಎಡವಟ್ಟು ಶುರುವಾಗುತ್ತದೆ.

ಮೊದಮೊದಲು ಇದನ್ನು ಅಂದಾಜಿನಲ್ಲೇ ಮಾಡುತ್ತಿದ್ದರು. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಸಾಲು ಮುಗಿದಾಗ ಅದರ ತಲೆ ಬಲತುದಿಯಿಂದ ಎಡತುದಿಗೆ ಓಡಬೇಕು. ಒಂದು ಅಕ್ಷರದ ಸಮಯದಲ್ಲಿ ಆ ಓಟ ಮುಗಿಯುತ್ತಿರಲಿಲ್ಲ. ಅದಕ್ಕೇ ‘ಎಡಕ್ಕೆ ಹೋಗು’ ಎಂಬ ಆಜ್ಞೆ ಮೊದಲು, ‘ಒಂದು ಸಾಲು ಕೆಳಗೆ’ ಎಂಬುದು ಆಮೇಲೆ. ಎರಡನೆಯದು ಹೋಗುವಷ್ಟರಲ್ಲಿ ತಲೆ ಎಡಕ್ಕೆ ಬಂದಿರುತ್ತಿತ್ತು. ಸಾಲದಿದ್ದರೆ ಏನನ್ನೂ ಬರೆಯದ ಖಾಲಿ ಅಕ್ಷರಗಳನ್ನು ಕಳಿಸಿ ಹೊತ್ತು ಕಳೆಯುತ್ತಿದ್ದರು. ಅದೇ ಯಂತ್ರಕ್ಕೆ ಕಾಗದದ ರಂಧ್ರಪಟ್ಟಿ ಓದುವ ಭಾಗವೊಂದಿತ್ತು. ಅದನ್ನು ದೂರದಿಂದ ಚಾಲೂ ಮಾಡಲು ಒಂದು ಸಂಕೇತ, ನಿಲ್ಲಿಸಲು ಒಂದು ಸಂಕೇತ. ಆಸ್ಕಿ ಪಟ್ಟಿಯಲ್ಲಿ ಅವುಗಳ ಸಂಖ್ಯೆ 17 ಮತ್ತು 19. ಹೆಸರು ಎಕ್ಸ್‌ಆನ್, ಎಕ್ಸ್‌ಆಫ್. ಇಂದಿಗೂ ಅವೇ ನಡೆಯುತ್ತಿವೆ. ನಿಮ್ಮ ಆಫೀಸಿನ ಐಟಿ ಹುಡುಗ ಲಿನಕ್ಸ್‌ನ ಕಪ್ಪು ಪರದೆಯಲ್ಲಿ ಸೇವ್ ಮಾಡುವ ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿ, ‘ಅಯ್ಯೋ ಹ್ಯಾಂಗ್ ಆಯ್ತು’ ಅಂದರೆ, ಅವನು ಒತ್ತಿದ್ದು ಅದೇ 19. ಕಂಟ್ರೋಲ್ ಕ್ಯೂ ಒತ್ತಲು ಹೇಳಿ, ಬಿಟ್ಟುಕೊಳ್ಳುತ್ತದೆ.

ಇದು ಮಾತಿನ ದಾರಿ. ಪ್ರಿಂಟರಿನ ಬಫರ್ ತುಂಬುತ್ತಾ ಬಂದಾಗ ಅದು ಡೇಟಾ ಬರುವ ಕೇಬಲ್ಲಿನಲ್ಲೇ, ಹಿಂದಿರುಗುವ ತಂತಿಯ ಮೇಲೆ 19 ಕಳಿಸುತ್ತದೆ. ಜಾಗ ಆದಾಗ 17. ಪೂರ್ತಿ ತುಂಬುವ ತನಕ ಕಾದು ‘ತಡಿ’ ಅಂದರೆ ಪ್ರಯೋಜನವಿಲ್ಲ. ಕಾಲುವೆಯ ನೀರಿನ ಹಾಗೆ, ಕಂಪ್ಯೂಟರಿನ ಸೀರಿಯಲ್ ಚಿಪ್ಪಿನಲ್ಲಿ ಆಗಲೇ ಸಾಲು ನಿಂತ ಅಕ್ಷರಗಳು ಬಂದೇ ಬರುತ್ತವೆ. 16550 ಎಂಬ ಹೆಸರಾಂತ ಚಿಪ್ಪಿನಲ್ಲಿ ಅಂಥವು 16. ಅವಕ್ಕೆ ಜಾಗ ಉಳಿಸಿಕೊಂಡೇ ಕೈ ಎತ್ತಬೇಕು.

ಇನ್ನೊಂದು ತಂತಿಯ ದಾರಿ. ಮಾತೇ ಇಲ್ಲ, ಬೇರೆ ಒಂದು ತಂತಿಯ ಮೇಲೆ ವಿದ್ಯುತ್ತು ಮೇಲಾದರೆ ‘ಕಳಿಸು’, ಕೆಳಗಾದರೆ ‘ತಡಿ’. ದಪ್ಪ ಪ್ಯಾರಲಲ್ ಕೇಬಲ್ಲಿನ ಕಾಲದಲ್ಲಿ ಇದು ಬಹಳ ಸುಲಭವಿತ್ತು. 1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿ ತನ್ನ ಪ್ರಿಂಟರಿಗೆ ಮಾಡಿದ ಜೋಡಣೆಯೇ ಎಲ್ಲರ ರೂಢಿಯಾಯಿತು. ಅದರಲ್ಲಿ 11ನೇ ತಂತಿಯ ಹೆಸರೇ ‘ಬ್ಯುಸಿ’. ಪ್ರತಿ ಅಕ್ಷರಕ್ಕೂ ಪ್ರಿಂಟರ್ ಬ್ಯುಸಿ ಅನ್ನುತ್ತದೆ, ತೆಗೆದುಕೊಂಡ ಮೇಲೆ ಆಯ್ತು ಅನ್ನುತ್ತದೆ. ಅಲ್ಲಿ ಅಕ್ಷರ ಬಿದ್ದುಹೋಗುವ ಪ್ರಶ್ನೆ ಬರುವುದು ಅಪರೂಪ. ಸೀರಿಯಲ್ಲಿನ 9 ಪಿನ್ ಜೋಡಣೆಯಲ್ಲಿ ಹಾಗಲ್ಲ. ಡೇಟಾ ಹೋಗಿ ಬರುವುದು 2 ಮತ್ತು 3ರಲ್ಲಿ, ನೆಲದ ತಂತಿ 5. ಈ ಮೂರು ಸೇರಿದರೆ ಪ್ರಿಂಟ್ ಬರುತ್ತದೆ. ‘ತಡಿ’ ಎನ್ನುವ ತಂತಿಗಳು ಬೇರೆ: 4, 6, 7, 8. ಅವು ಇಲ್ಲದೆಯೂ ಪ್ರಿಂಟ್ ಬರುತ್ತದೆ. ಬರುತ್ತದೆ ಎಂಬುದೇ ತೊಂದರೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಹೆಸರು ಬೇಡ. ಒಳರೋಗಿಗಳ ಫಾರ್ಮಸಿಯ ಲೇಬಲ್ ಪ್ರಿಂಟರ್ ರಿಪೇರಿಗೆ ಹೋಗಿ ಬಂದಿತ್ತು. ತಂದುಕೊಟ್ಟ ತಂತ್ರಜ್ಞ ಹೊಸ ಕೇಬಲ್ ಸಿಕ್ಕಿಸಿ, ಪ್ರಿಂಟರಿನ ಗುಂಡಿ ಒತ್ತಿ ಸೆಲ್ಫ್ ಟೆಸ್ಟ್ ಲೇಬಲ್ ತೆಗೆದು ತೋರಿಸಿದ. ಚೆನ್ನಾಗಿ ಬಂತು. ಕಂಪ್ಯೂಟರಿನಿಂದಲೂ ಒಂದು ತೆಗೆದ, ಅದೂ ಬಂತು. ಸಹಿ ಹಾಕಿಸಿಕೊಂಡು ಹೋದ. ಸೆಲ್ಫ್ ಟೆಸ್ಟ್ ಲೇಬಲ್ ಕೇಬಲ್ಲಿನ ಮೇಲೆ ಬರುವುದೇ ಇಲ್ಲ, ಪ್ರಿಂಟರ್ ತನ್ನ ಹೊಟ್ಟೆಯೊಳಗಿನದ್ದನ್ನೇ ಬರೆಯುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತು? ಕಂಪ್ಯೂಟರಿನಿಂದ ತೆಗೆದ ಒಂದು ಲೇಬಲ್ಲೂ ಬಫರಿನ ಮೂಲೆಗೆ ಸಾಲದು.

ಎರಡು ಮೂರು ವಾರ ಎಲ್ಲ ಸರಿಯಾಗಿಯೇ ನಡೆಯಿತು. ದಿನಾ ಸಂಜೆ ಒಂದೊಂದು ವಾರ್ಡಿನ ಪಟ್ಟಿ, ಇಪ್ಪತ್ತು ಇಪ್ಪತ್ತೈದು ಲೇಬಲ್. ಈದ್ ರಜೆಗೆ ಮುಂಚಿನ ಸಂಜೆ ಗಡಿಬಿಡಿಯಲ್ಲಿ ಗಂಡಸರ ಸರ್ಜಿಕಲ್ ವಾರ್ಡು, ಮಕ್ಕಳ ವಾರ್ಡು ಎರಡನ್ನೂ ಒಂದೇ ಪಟ್ಟಿಯಲ್ಲಿ ಕಳಿಸಿದರು. ಒಟ್ಟು 34. ಜೊತೆಗಿದ್ದ ಮಲಯಾಳಿ ಸಹೋದ್ಯೋಗಿ, ಎಲ್ಲರೂ ಚೇಚಿ ಎಂದು ಕರೆಯುತ್ತಿದ್ದ ಹಿರಿಯಾಕೆ, ಟ್ರೇ ತಪಾಸಣೆಗೆ ಕೂತರು. ಕೊನೆಯ ಲೇಬಲ್ ಕೈಯಲ್ಲಿ ಹಿಡಿದುಕೊಂಡು, ‘ಈ ಮನುಷ್ಯನಿಗೆ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್ ಯಾಕೆ ಬರೆದಿದ್ದಾರೆ?’ ಅಂದರು. ಹೆಸರು ನಡುವಯಸ್ಸಿನ ಗಂಡಸಿನದು, ಫೈಲ್ ನಂಬರ್ ಅವನದೇ, ವಾರ್ಡ್ ಅವನದೇ. ಔಷಧಿ ಮಗುವಿನದು. ಮಸಿ ಕಪ್ಪಗೆ, ಸಾಲು ನೇರಕ್ಕೆ, ಒಂದಕ್ಷರ ವಕ್ರವಿಲ್ಲ. ಲೇಬಲ್ ಎಣಿಸಿದರೆ 33.

ಇದೇ ನಾನು ಹೇಳಿದ ಮೂರನೇ ಬಗೆ. ಹೇಗಾಯಿತು ಎಂದು ಬಿಡಿಸಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಲೇಬಲ್ ಪ್ರಿಂಟರಿಗೆ ಹೋಗುವುದು ಸಾಮಾನ್ಯವಾಗಿ ಆಜ್ಞೆಗಳ ಒಂದು ಸಾಲು. ಹೆಚ್ಚು ಬಳಕೆಯಲ್ಲಿರುವ ಝಡ್‌ಪಿಎಲ್ ಭಾಷೆಯನ್ನೇ ತೆಗೆದುಕೊಳ್ಳಿ. ಲೇಬಲ್ ಶುರುವಾಯಿತು ಎನ್ನಲು ‘ಎಕ್ಸ್‌ಎ’, ಆಮೇಲೆ ಇಷ್ಟು ದೂರದಲ್ಲಿ ಈ ಹೆಸರು, ಅದರ ಕೆಳಗೆ ಈ ಔಷಧಿ, ಅದರ ಕೆಳಗೆ ಈ ಪ್ರಮಾಣ, ಕೊನೆಗೆ ಮುಗಿಯಿತು ಎನ್ನಲು ‘ಎಕ್ಸ್‌ಝಡ್’. ಒಂದು ಲೇಬಲ್ಲಿಗೆ ಸುಮಾರು 300 ಅಕ್ಷರ. ಅಂಥ 34 ಲೇಬಲ್ಲಿಗೆ 10,200 ಅಕ್ಷರ.

ಬಫರ್ 8 ಕಿಲೋಬೈಟ್, ಅಂದರೆ 8192 ಅಕ್ಷರ ಎಂದಿಟ್ಟುಕೊಳ್ಳಿ. 27 ಲೇಬಲ್ಲಿನಷ್ಟು ಜಾಗ. ನಮ್ಮ ಪ್ರಿಂಟರ್ ಲೇಬಲ್ ಸುಲಿದು ಕೊಡುವ ಕ್ರಮದಲ್ಲಿತ್ತು. ಒಂದನ್ನು ಕೈಯಿಂದ ತೆಗೆದ ಮೇಲೆಯೇ ಇನ್ನೊಂದು ಬರುವುದು. ಅಂದರೆ ಪ್ರಿಂಟರಿನ ವೇಗ ನಮ್ಮ ಕೈಯ ವೇಗ, ಎರಡು ಸೆಕೆಂಡಿಗೊಂದು. ಕಂಪ್ಯೂಟರ್ ಮಾತ್ರ ಸೆಕೆಂಡಿಗೆ ಮೂರು ಲೇಬಲ್ಲಿನಷ್ಟು ಸುರಿಯುತ್ತಿದೆ. ಹತ್ತು ಸೆಕೆಂಡಿನಲ್ಲಿ ನಾವು ಐದು ತೆಗೆದಿರುತ್ತೇವೆ, 27 ಒಳಗೆ ಕೂತಿರುತ್ತವೆ. ಒಟ್ಟು 32. 33ನೇ ಲೇಬಲ್ಲಿನ ‘ಎಕ್ಸ್‌ಎ’ ಬಂತು, ಹೆಸರು ಬಂತು, ಫೈಲ್ ನಂಬರ್ ಬಂತು, ಅಷ್ಟಕ್ಕೆ ಜಾಗ ಮುಗಿಯಿತು. ಪ್ರಿಂಟರ್ ತನ್ನ ‘ತಡಿ’ ತಂತಿಯನ್ನು ಇಳಿಸಿತು. ಆದರೆ ಹೊಸ ಕೇಬಲ್ಲಿನಲ್ಲಿ ಇದ್ದದ್ದು 2, 3, 5 ಮಾತ್ರ. ಆ ಮಾತು ಪ್ರಿಂಟರಿನ ಬಾಗಿಲಿಂದ ಆಚೆಗೆ ಹೋಗಲೇ ಇಲ್ಲ. ಕಂಪ್ಯೂಟರಿಗೆ ಕೂಡ ತಡೆ ಕೇಳಬೇಕೆಂದು ಯಾರೂ ಹೇಳಿರಲಿಲ್ಲ, ಅದು ತನ್ನ ಪಾಡಿಗೆ ಕಳಿಸುತ್ತಲೇ ಇತ್ತು. ಕಾಲು ಸೆಕೆಂಡೋ ಮೂರನೇ ಒಂದು ಸೆಕೆಂಡೋ ಕಳೆಯಿತು. ಅಷ್ಟರಲ್ಲಿ 33ನೆಯವನ ಔಷಧಿ, ‘ಎಕ್ಸ್‌ಝಡ್’, ಮುಂದಿನ ‘ಎಕ್ಸ್‌ಎ’, 34ನೇ ಮಗುವಿನ ಹೆಸರು ಎಲ್ಲ ನೆಲಕ್ಕೆ ಬಿತ್ತು. ಆಗ ಯಾರೋ ಒಂದು ಲೇಬಲ್ ಸುಲಿದರು. ಜಾಗವಾಯಿತು. ಉಳಿದದ್ದು ಒಳಗೆ ಬಂತು: ಮಗುವಿನ ಔಷಧಿ, ಪ್ರಮಾಣ, ಮುಗಿಯಿತು. ಪ್ರಿಂಟರಿನ ಕಣ್ಣಿಗೆ ಅದು ಶುರುವಿದ್ದು ಕೊನೆಯಿದ್ದ ಒಂದು ಪೂರ್ತಿ ಲೇಬಲ್. ಅದು ಪ್ರಾಮಾಣಿಕವಾಗಿ ಬರೆದುಕೊಟ್ಟಿತು.

ಕಂಪ್ಯೂಟರಿನ ಪರದೆಯಲ್ಲಿ 34 ಸಾಲಿನ ಎದುರಿಗೂ ‘ಪ್ರಿಂಟ್ ಆಗಿದೆ’ ಎಂದು ಹಸಿರು ಗುರುತು. ಆ ಗುರುತಿನ ಅರ್ಥ ‘ನಾನು ಕಳಿಸಿದೆ’ ಎಂದಷ್ಟೇ. ಅಂಚೆ ಡಬ್ಬಿಗೆ ಹಾಕಿದ್ದಕ್ಕೂ ಮನೆಗೆ ಮುಟ್ಟಿದ್ದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತಿದೆ, ಸಾಫ್ಟ್‌ವೇರ್ ಬರೆಯುವವರು ಮಾತ್ರ ಅದನ್ನು ಒಂದೇ ಮಾಡಿಬಿಡುತ್ತಾರೆ. ನನ್ನ ಕೈಯಲ್ಲಿದ್ದರೆ ಆ ಹಸಿರು ಗುರುತಿನ ಪಕ್ಕ ‘ಕಳಿಸಿದೆ, ಬಂತೋ ನೋಡು’ ಎಂದು ಬರೆಸುತ್ತಿದ್ದೆ.

ಆ ದಿನದ ದುರಸ್ತಿ ದೊಡ್ಡದೇನಲ್ಲ. ಏಳೂ ತಂತಿ ಇರುವ ಕೇಬಲ್ ತಂದು ಹಾಕಿದರು. ಕಂಪ್ಯೂಟರಿನ ಪೋರ್ಟ್ ಸೆಟ್ಟಿಂಗಿನಲ್ಲಿ ಫ್ಲೋ ಕಂಟ್ರೋಲ್ ಎಂಬ ಕಡೆ ‘ನನ್’ ಎಂದಿದ್ದುದನ್ನು ‘ಹಾರ್ಡ್‌ವೇರ್’ ಮಾಡಿದರು. ಪ್ರಿಂಟರಿನ ಮೆನುವಿನಲ್ಲೂ ಅದೇ ಇದೆಯೆಂದು ನೋಡಿದರು. ಮೂರು ತಂತಿಯ ಕೇಬಲ್ಲನ್ನೇ ಉಳಿಸಿಕೊಂಡು ಎರಡೂ ಕಡೆ ಎಕ್ಸ್‌ಆನ್, ಎಕ್ಸ್‌ಆಫ್ ಇಟ್ಟಿದ್ದರೂ ನಡೆಯುತ್ತಿತ್ತು. ಯಾವುದಾದರೂ ಸರಿ, ಎರಡೂ ಕಡೆ ಒಂದೇ ಇರಬೇಕು. ಪ್ರಿಂಟರ್ ಕೈಸನ್ನೆ ಮಾಡುತ್ತಿದೆ, ಕಂಪ್ಯೂಟರ್ ಕಿವಿಗೊಟ್ಟು ಕೂತಿದೆ ಎಂದಾದರೆ ಇಬ್ಬರದೂ ತಪ್ಪಿಲ್ಲ, ಕೆಲಸ ಮಾತ್ರ ಕೆಟ್ಟಿತು. ಮತ್ತೆ ಪರೀಕ್ಷೆ ಮಾಡುವಾಗ ಒಂದು ಲೇಬಲ್ ಅಲ್ಲ, ಕ್ರಮಸಂಖ್ಯೆ ಹಾಕಿದ ನೂರು ಲೇಬಲ್ ಕಳಿಸಿದರು. ನಡುವೆ ಬೇಕೆಂದೇ ಪ್ರಿಂಟರಿನ ಮುಚ್ಚಳ ತೆಗೆದು ಎರಡು ನಿಮಿಷ ಸುಮ್ಮನಿದ್ದು, ಮತ್ತೆ ಮುಚ್ಚಿದರು. 1ರಿಂದ 100ರವರೆಗೆ ಬಿಟ್ಟುಹೋಗದೆ ಬಂದ ಮೇಲೆಯೇ ಸಹಿ. ಸೀರಿಯಲ್ ಪ್ರಿಂಟರ್ ಇರುವ ಯಾವ ಅಂಗಡಿಯಲ್ಲೂ, ಗೋದಾಮಿನಲ್ಲೂ ಇದನ್ನು ಹತ್ತು ನಿಮಿಷದಲ್ಲಿ ಮಾಡಬಹುದು. ತೂಕದ ಯಂತ್ರ, ಹಳೆಯ ಬಿಲ್ಲಿಂಗ್ ಯಂತ್ರಗಳ ಹಿಂದೆ ಆ 9 ಪಿನ್ನಿನ ಕೇಬಲ್ ಇನ್ನೂ ಜೀವಂತವಾಗಿದೆ.

ಇಲ್ಲಿಯ ಲೇಬಲ್ಲಿಗೆ ಇನ್ನೊಂದು ತೊಡಕೂ ಇದೆ, ಅದು ಭಾಷೆಯದು. ಇಂಗ್ಲಿಷಿನ ಜೊತೆ ಅರೇಬಿಕ್ ಬೇಕು. ಪ್ರಿಂಟರಿನೊಳಗೆ ಅರೇಬಿಕ್ ಅಕ್ಷರದ ಫಾಂಟ್ ಇಲ್ಲದಿದ್ದರೆ ಕಂಪ್ಯೂಟರ್ ಇಡೀ ಲೇಬಲ್ಲನ್ನು ಚಿತ್ರ ಮಾಡಿ ಕಳಿಸುತ್ತದೆ. 50 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ಎತ್ತರದ ಲೇಬಲ್, ಮಿಲಿಮೀಟರಿಗೆ 8 ಚುಕ್ಕೆ ಎಂದರೆ 400ಕ್ಕೆ 200, ಒಟ್ಟು 80,000 ಚುಕ್ಕೆ. ಬೈಟಿಗೆ 8 ಚುಕ್ಕೆಯಂತೆ 10,000 ಬೈಟ್. ಅಕ್ಷರವಾಗಿ ಕಳಿಸಿದರೆ 300 ಸಾಕಾಗುತ್ತಿದ್ದುದು ಚಿತ್ರವಾದಾಗ 10,000! 9600 ಬಾಡಿನಲ್ಲಿ ಹತ್ತು ಸೆಕೆಂಡಿಗೂ ಹೆಚ್ಚು. ಒಂದು ಬೈಟನ್ನು ಎರಡು ಅಕ್ಷರವಾಗಿ ಬರೆದು ಕಳಿಸುವ ಕ್ರಮವೂ ಇದೆ, ಆಗ ಅದರ ಎರಡರಷ್ಟು. ಹಾಗೆ ಬರೆಯದೆ ನೇರ ಬೈಟುಗಳನ್ನೇ ಕಳಿಸಿದರೆ ಇನ್ನೊಂದು ಅಪಾಯ. ಚಿತ್ರದ ಬೈಟು ಅಕಸ್ಮಾತ್ 19 ಆಗಿರಬಹುದು. ನಡುವೆ ಪ್ರಿಂಟರ್ ಹಂಚಿಕೊಳ್ಳುವ ಪೆಟ್ಟಿಗೆಯೋ ಪರಿವರ್ತಕವೋ ಇದ್ದರೆ ಅದನ್ನು ‘ನಿಲ್ಲಿಸು’ ಎಂಬ ಆಜ್ಞೆಯೆಂದೇ ತಿಳಿದು ಸುಮ್ಮನೆ ಕೂತುಬಿಡಬಹುದು. ಅದಕ್ಕೇ ಚಿತ್ರ ಕಳಿಸುವಲ್ಲಿ ತಂತಿಯ ದಾರಿಯೇ ವಾಸಿ. ಅರೇಬಿಕ್ ಫಾಂಟನ್ನು ಒಮ್ಮೆ ಪ್ರಿಂಟರಿನೊಳಗೆ ತುಂಬಿಸಿಟ್ಟು ಅಕ್ಷರವನ್ನು ಅಕ್ಷರವಾಗಿಯೇ ಕಳಿಸುವುದು ಇನ್ನೂ ವಾಸಿ. ಪ್ರಿಂಟರ್ ‘ನಿಧಾನ’ ಎಂದು ಹೊಸದು ಕೊಳ್ಳುವ ಮುಂಚೆ, ಹೋಗುತ್ತಿರುವುದು ಅಕ್ಷರವೋ ಚಿತ್ರವೋ ಎಂದು ಒಂದು ಸಲ ಕೇಳಿ ನೋಡಿ.

ಕನ್ನಡದ ಲೇಬಲ್ ಕೇಳಬೇಡಿ. ಕ್ಯಾಂಪಿನಿಂದ ಬರುವ ನಮ್ಮ ಕಡೆಯ ಹುಡುಗರಿಗೆ, ಇಂಗ್ಲಿಷೂ ಅರೇಬಿಕ್ಕೂ ಓದಲು ಬಾರದವರಿಗೆ, ಪೊಟ್ಟಣದ ಮೇಲೆ ಪೆನ್ನಿನಲ್ಲೇ ‘ಬೆಳಿಗ್ಗೆ 1, ರಾತ್ರಿ 1, ಊಟ ಆದ ಮೇಲೆ’ ಎಂದು ಬರೆದುಕೊಡುತ್ತೇನೆ. ಅದಕ್ಕೆ ಯಾವ ಬಫರೂ ಬೇಡ.

ಈಗ ಹೆಚ್ಚಿನ ಕಡೆ ಯುಎಸ್‌ಬಿ ಅಥವಾ ನೆಟ್‌ವರ್ಕ್ ಪ್ರಿಂಟರ್ ಬಂದಿದೆ. ‘ತಡಿ’ ಎನ್ನುವ ಮಾತು ಅಲ್ಲಿ ಕೇಬಲ್ಲಿನ ಹಣೆಬರಹದಲ್ಲೇ ಬರೆದಿದೆ. ಯುಎಸ್‌ಬಿಯಲ್ಲಿ ಜಾಗವಿಲ್ಲದಾಗ ಪ್ರಿಂಟರ್ ‘ಈಗ ಆಗದು’ ಎಂದು ಉತ್ತರಿಸುತ್ತದೆ, ಕಂಪ್ಯೂಟರ್ ಅದನ್ನೇ ಮತ್ತೆ ಕಳಿಸುತ್ತದೆ. ನೆಟ್‌ವರ್ಕಿನಲ್ಲಿ ಹೆಚ್ಚಿನ ಲೇಬಲ್ ಪ್ರಿಂಟರುಗಳು 9100 ಎಂಬ ಪೋರ್ಟಿನಲ್ಲಿ ಕೇಳುತ್ತಾ ಕೂತಿರುತ್ತವೆ. ಟಿಸಿಪಿ ನಿಯಮದಂತೆ ‘ನನ್ನಲ್ಲಿ ಇನ್ನು ಇಷ್ಟು ಜಾಗ ಇದೆ’ ಎಂದು ಹೇಳುತ್ತಲೇ ಇರುತ್ತವೆ. ಜಾಗ ಸೊನ್ನೆ ಎಂದರೆ ಕಳಿಸುವವನು ನಿಲ್ಲುತ್ತಾನೆ. ಅರ್ಧ ಬಿದ್ದುಹೋಗಿ ಅರ್ಧ ಸೇರಿಕೊಳ್ಳುವ ಆ ಹಳೆಯ ಭೂತ ಇಲ್ಲಿ ಸುಲಭಕ್ಕೆ ಬಾರದು. ಆದರೆ ನಿಂತ ನೀರು ಎಲ್ಲೋ ನಿಲ್ಲಬೇಕಲ್ಲ. ಅದು ಕಂಪ್ಯೂಟರಿನ ಸ್ಪೂಲರಿನಲ್ಲಿ ನಿಲ್ಲುತ್ತದೆ.

ಸ್ಪೂಲರ್ ಎಂದರೆ ಪ್ರಿಂಟರಿಗೆ ಹೋಗಬೇಕಾದ್ದನ್ನೆಲ್ಲ ಡಿಸ್ಕಿನಲ್ಲಿ ಸಾಲಾಗಿ ಇಟ್ಟುಕೊಂಡು ಒಂದೊಂದೇ ಬಿಡುವ ಗುಮಾಸ್ತ. ಒಳ್ಳೆಯವನು, ಏನನ್ನೂ ಬಿಸಾಡುವುದಿಲ್ಲ. ಬಿಸಾಡದಿರುವುದೇ ನಮ್ಮ ಕೆಲಸದಲ್ಲಿ ತೊಂದರೆ. ಪ್ರಿಂಟರಿನ ರೋಲ್ ಮುಗಿದಿದೆ, ಯಾರೂ ನೋಡಿಲ್ಲ. ನರ್ಸ್ ಫೋನಿನಲ್ಲಿ ಕಾಯುತ್ತಿದ್ದಾಳೆ. ಒಬ್ಬ ಒತ್ತಿದ, ಬರಲಿಲ್ಲ. ಇನ್ನೊಬ್ಬ ಬಂದು ತಾನೂ ಒತ್ತಿದ. ಮೂರನೆಯವನು ರೋಲ್ ಹಾಕಿದ. ಒಂದೇ ರೋಗಿಯ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಲೇಬಲ್ ಎರಡು ಬಂತು. ದಿನಕ್ಕೊಮ್ಮೆ ಕೊಡುವ ಇಂಜೆಕ್ಷನ್. ಎರಡು ಲೇಬಲ್ ನೋಡಿದವನು ಎರಡು ಬ್ಯಾಗ್ ತಯಾರಿಸುತ್ತಾನೆ, ಎರಡೂ ವಾರ್ಡಿಗೆ ಹೋಗುತ್ತವೆ. ಅಲ್ಲಿ ಯಾರಾದರೂ ಅನುಮಾನಪಟ್ಟರೆ ಪುಣ್ಯ.

ಇದಕ್ಕಿಂತಲೂ ನನಗೆ ಹೆದರಿಕೆ ಹಳೆಯ ಲೇಬಲ್ಲಿನದು. ಯಾರೋ ಪ್ರಿಂಟರನ್ನು ಆಫ್‌ಲೈನ್ ಎಂದು ಗುರುತು ಮಾಡಿ ಪಕ್ಕದ ಪ್ರಿಂಟರಿನಲ್ಲಿ ಕೆಲಸ ಮುಗಿಸಿದರು. ಮರುದಿನ ಇನ್ಯಾರೋ ಆ ಗುರುತು ತೆಗೆದರು. ನಿನ್ನೆಯ ಸಾಲೆಲ್ಲ ದಬದಬ ಬಂತು. ನಿನ್ನೆ ವಾರ್ಫರಿನ್ 5 ಮಿಲಿಗ್ರಾಂ ಇದ್ದವನಿಗೆ ಇವತ್ತು ರಕ್ತಪರೀಕ್ಷೆ ನೋಡಿ 3 ಮಾಡಿದ್ದಾರೆ. ಲೇಬಲ್ ಮಾತ್ರ 5 ಎನ್ನುತ್ತದೆ, ಹೊಸದಾಗಿ, ಬಿಸಿಬಿಸಿಯಾಗಿ. ಲೇಬಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತಾರೀಕು, ವೇಳೆ ಹಾಕಿಸುವುದು ಇದಕ್ಕೇ. ಸಾಮಾನ್ಯವಾಗಿ ಅದು ಪ್ರಿಂಟ್ ಒತ್ತಿದ ಹೊತ್ತು, ಕಾಗದದ ಮೇಲೆ ಬಂದ ಹೊತ್ತಲ್ಲ. ಗೋಡೆಯ ಗಡಿಯಾರಕ್ಕೂ ಅದಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಆ ಲೇಬಲ್ಲನ್ನು ನಾನು ಅಂಟಿಸುವುದಿಲ್ಲ, ಹರಿದು ಹಾಕಿ ಹೊಸದು ತೆಗೆಯುತ್ತೇನೆ.

ಹಾಗಾಗಿ ಪ್ರಿಂಟರ್ ಸುಮ್ಮನಾದಾಗ ನಮ್ಮಲ್ಲಿ ಮೊದಲು ಗುಂಡಿ ಒತ್ತುವುದಿಲ್ಲ, ಪ್ರಿಂಟರಿನ ಮುಖ ನೋಡುತ್ತೇವೆ. ರೋಲ್ ಇದೆಯೇ, ರಿಬ್ಬನ್ ಇದೆಯೇ, ಮುಚ್ಚಳ ಸರಿಯಾಗಿ ಕೂತಿದೆಯೇ, ಸುಲಿದ ಲೇಬಲ್ ಬಾಯಲ್ಲೇ ಉಳಿದಿದೆಯೇ. ಹೆಚ್ಚಿನ ಸಲ ಅಲ್ಲೇ ಉತ್ತರ ಇರುತ್ತದೆ. ಆಮೇಲೆ ಕಂಪ್ಯೂಟರಿನ ಕ್ಯೂ ತೆರೆದು ನೋಡುತ್ತೇವೆ. ಅಲ್ಲಿ ನಮ್ಮ ಕೆಲಸ ಕೂತಿದ್ದರೆ ಅದು ಕಳೆದಿಲ್ಲ, ಕಾಯುತ್ತಿದೆ ಎಂದರ್ಥ. ಮತ್ತೆ ಒತ್ತಿದರೆ ಎರಡಾಗುತ್ತದೆ. ಕ್ಯೂ ಖಾಲಿ, ಲೇಬಲ್ಲೂ ಇಲ್ಲ ಎಂದರೆ ಮಾತ್ರ, ಎಷ್ಟನೇ ಸಾಲಿನವರೆಗೆ ಬಂದಿದೆ ಎಂದು ಪಟ್ಟಿಯಲ್ಲಿ ಗೀಟು ಹಾಕಿಕೊಂಡು, ಅಲ್ಲಿಂದ ಮುಂದಿನದನ್ನು ಮತ್ತೆ ತೆಗೆಯುತ್ತೇವೆ. ಇಡೀ ಪಟ್ಟಿಯನ್ನು ಮತ್ತೆ ಹೊಡೆಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯ.

ಕ್ಯೂನಲ್ಲಿ ಒಂದು ಕೆಲಸ ಅಂಟಿಕೊಂಡು ಅಳಿಸಿದರೂ ಹೋಗದಿದ್ದರೆ ವಿಂಡೋಸಿನಲ್ಲಿ ಐಟಿಯವರು ಮಾಡುವುದು ಇಷ್ಟು. ಸರ್ವಿಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರನ್ನು ನಿಲ್ಲಿಸುತ್ತಾರೆ. ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬಲ್ಲಿರುವ ಫೈಲುಗಳನ್ನು ಅಳಿಸುತ್ತಾರೆ. ಸ್ಪೂಲರನ್ನು ಮತ್ತೆ ಚಾಲೂ ಮಾಡುತ್ತಾರೆ. ಸಣ್ಣ ಅಂಗಡಿಯಲ್ಲಿ ನೀವೇ ಮಾಡಬಹುದು. ಆದರೆ ಆ ಕಂಪ್ಯೂಟರಿಗೆ ಬೇರೆ ಪ್ರಿಂಟರುಗಳೂ ಇದ್ದರೆ ಅವುಗಳ ಸಾಲೂ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಹಂಚಿಕೊಂಡ ಸರ್ವರಿನಲ್ಲಂತೂ ಕೈ ಹಾಕಬೇಡಿ. ಇಷ್ಟಾದರೂ ಪ್ರಿಂಟರಿನ ಸ್ವಂತ ಹೊಟ್ಟೆಯಲ್ಲಿ ಇನ್ನೂ ಕೆಲವು ಲೇಬಲ್ ಕೂತಿರುತ್ತವೆ. ಅವು ಹೋಗಲು ಪ್ರಿಂಟರನ್ನು ಆರಿಸಿ ಹಾಕಬೇಕು, ಅಥವಾ ಅದರ ಮೆನುವಿನಲ್ಲಿ ಕ್ಯಾನ್ಸಲ್ ಆಲ್ ಕೊಡಬೇಕು. ಕಂಪ್ಯೂಟರಿನಲ್ಲಿ ಅಳಿಸಿದೆ, ಆದರೂ ಮೂರು ಬಂತಲ್ಲ ಎಂದು ಜನ ತಲೆ ಕೆರೆದುಕೊಳ್ಳುವುದು ಇದಕ್ಕೇ.

ರೋಲ್ ಬದಲಿಸುವಾಗಿನ ಅರ್ಧ ಲೇಬಲ್ ಬಗ್ಗೆ ಒಂದು ಮಾತು. ಪ್ರಿಂಟ್ ನಡೆಯುತ್ತಿರುವಾಗಲೇ ರೋಲ್ ಮುಗಿದರೆ ಅರ್ಧಕ್ಕೆ ನಿಂತ ಲೇಬಲ್ ಒಂದು ಹಳೆಯ ರೋಲಿನ ತುದಿಯಲ್ಲಿ ಉಳಿಯುತ್ತದೆ. ಝೀಬ್ರಾ ಪ್ರಿಂಟರುಗಳು ಮಾಮೂಲಿ ಸೆಟ್ಟಿಂಗಿನಲ್ಲಿ, ಹೊಸ ರೋಲ್ ಹಾಕಿದ ಮೇಲೆ ಅದೇ ಲೇಬಲ್ಲನ್ನು ಮೊದಲಿಂದ ಬರೆಯುತ್ತವೆ. ಅದು ಒಳ್ಳೆಯ ಏರ್ಪಾಡು. ಹಳೆಯ ಅರ್ಧದಲ್ಲಿ ರೋಗಿಯ ಹೆಸರು ಸ್ಪಷ್ಟವಾಗಿದ್ದು ಪ್ರಮಾಣ ಇಲ್ಲದಿರಬಹುದು. ಅದನ್ನು ಆಗಲೇ ಹರಿಯದೆ ಮೇಜಿನ ಅಂಚಿಗೆ ಅಂಟಿಸಿಟ್ಟರೆ ಸಂಜೆಯ ಹೊತ್ತಿಗೆ ಯಾವುದೋ ಬಾಟಲಿಯ ಮೇಲೆ ಕೂತಿರುತ್ತದೆ. ನಮ್ಮಲ್ಲಿ ಹೊಸಬರಿಗೆ ಮೊದಲ ದಿನ ಕಲಿಸುವುದೇ ಇದನ್ನು: ರೋಲ್ ಬದಲಿಸಿದ ಕೈಯಲ್ಲೇ ಅರ್ಧ ಲೇಬಲ್ ಹರಿ, ಆಮೇಲೆ ಪಟ್ಟಿಯ ಸಂಖ್ಯೆ ಮತ್ತು ಲೇಬಲ್ ಸಂಖ್ಯೆ ಎಣಿಸಿ ಬರೆದು ಸಹಿ ಹಾಕು.

ಕಿಟಕಿಯ ಆಚೆ ನಿಂತು ಔಷಧಿ ತೆಗೆದುಕೊಳ್ಳುವ ನೀವೂ ಮೂರು ಸಾಲು ಓದಿಕೊಳ್ಳಬಹುದು: ನಿಮ್ಮ ಹೆಸರು, ಫೈಲ್ ನಂಬರ್, ಇವತ್ತಿನ ತಾರೀಕು. ಡಾಕ್ಟರ್ ಮೂರು ಔಷಧಿ ಹೇಳಿದ್ದು ಲೇಬಲ್ ಎರಡೇ ಇದ್ದರೆ, ಅಥವಾ ಒಂದೇ ಔಷಧಿ ಎರಡು ಡಬ್ಬಿಯಲ್ಲಿ ಬಂದಿದ್ದರೆ ಕೇಳಿ. ಹಿಂದೆ ಎಷ್ಟೇ ಉದ್ದದ ಸಾಲಿರಲಿ, ಕೇಳಿ. ಒಳಗಿರುವವರು ಕ್ಯೂ ತೆರೆದು ನೋಡುತ್ತಾರೆ.